ಶ್ರೀಕಂಠಯ್ಯನವರ ಗ್ರೇಟೆಸ್ಟ್ ಹಿಟ್ಸ್

ಮೆಸ್ಕೀಟ್ ರೈಡರ್ಸ್ ಎಂಬ ಕಂಟ್ರಿ ರಾಕ್ ಬ್ಯಾಂಡಿನ ಗ್ರೇಟೆಸ್ಟ್ ಹಿಟ್ಸ್ ಆಲ್ಬಂ ಅಮೆರಿಕದಲ್ಲಿ ಲಕ್ಷಗಟ್ಟಲೆ ಪ್ರತಿ ಖರ್ಚಾಗಿದೆ. ಅದಕ್ಕೆ ಹಾಡಿದವರೇ ಕಾರಣವೆಂದು ಪತ್ರಿಕೆಯವರು ಬರೆಯುತ್ತಾರೆ. ಟೆಕ್ಸಾಸಿನಲ್ಲಿ ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯ ಶ್ರೀಕಂಠಯ್ಯನವರ ಅಭಿಪ್ರಾಯ ಬೇರೆ. ಹಾಡುವುದೇನೋ ಅವರು ಹಾಡಿದರು, ಸರಿ, ಹಂಚಿದವರು ಯಾರು?

ಶ್ರೀಕಂಠಯ್ಯನವರು ಕೊಳ್ಳೇಗಾಲದವರು, ಸಿವಿಲ್ ಎಂಜಿನಿಯರ್. ಹ್ಯೂಸ್ಟನ್ನಿನ ಮಳೆನೀರು ಎಲ್ಲಿ ಹರಿಯಬೇಕು, ಎಲ್ಲಿ ನಿಲ್ಲಬೇಕು ಎಂದು ಇಪ್ಪತ್ತೆಂಟು ವರ್ಷ ನಕ್ಷೆ ಬರೆದವರು. ನೀರು ಅವರ ಮಾತು ಕೇಳಿದ್ದು ಅಪರೂಪ. ಅದು ನೀರಿನ ತಪ್ಪು. ಅವರು ಬಂದ ಹೊಸತರಲ್ಲಿ ಕೊಂಡ ಹಳೆಯ ಕಾರಿನ ಟೇಪ್ ಪ್ಲೇಯರಿನಲ್ಲಿ ಈ ಆಲ್ಬಂ ಸಿಕ್ಕಿಕೊಂಡಿತ್ತು. ಎಳೆದರೂ ಬರಲಿಲ್ಲ, ಗುದ್ದಿದರೂ ಬರಲಿಲ್ಲ. ಕಾರು ಶುರುವಾದರೆ ಹಾಡೂ ಶುರು. ಕಾರು ಗುಜರಿಗೆ ಹೋಗುವ ಹೊತ್ತಿಗೆ ಒಂದೊಂದು ಹಾಡೂ ಅವರಿಗೆ ಗಾಯತ್ರಿಯಷ್ಟೇ ಬಾಯಿಗೆ ಬಂದಿತ್ತು. ಕೆಲವು ದಾಂಪತ್ಯಗಳೂ ಹೀಗೆಯೇ ಗಟ್ಟಿಯಾಗುತ್ತವೆ.

ಅಲ್ಲಿಂದ ಅವರು ಆ ಆಲ್ಬಮ್ಮಿನ ಪ್ರಚಾರಕರಾದರು. ಕೌಬಾಯ್ ಬೂಟು ಹಾಕಿಕೊಂಡು ದೇವಸ್ಥಾನಕ್ಕೆ ಹೋಗುತ್ತಿದ್ದರು. ಅದನ್ನು ಕಾಲಿನಿಂದ ಕಳಚುವಷ್ಟರಲ್ಲಿ ಮಂಗಳಾರತಿ ಮುಗಿದಿರುತ್ತಿತ್ತು. ತೊಂಬತ್ತರ ದಶಕದ ಕೊನೆಯಲ್ಲಿ ಬೆಂಗಳೂರು, ಮೈಸೂರಿನ ಹುಡುಗರು ಸಾಫ್ಟ್‌ವೇರ್ ಹಿಡಿದು ಗುಂಪು ಗುಂಪಾಗಿ ಬಂದು, ವಾರಕ್ಕೊಂದು ಗೃಹಪ್ರವೇಶ ನಡೆಯತೊಡಗಿದ ಮೇಲಂತೂ ಅವರಿಗೆ ಬಿಡುವೇ ಇಲ್ಲ. ಡಲ್ಲಾಸ್ ಕಡೆಯ ಕಾಪೆಲ್ ಇರಲಿ, ಯೂಲೆಸ್ ಇರಲಿ, ಇತ್ತ ಆಸ್ಟಿನ್ ಇರಲಿ, ಹೆಂಡತಿ ನಳಿನಿಯವರು ತಟ್ಟೆಯಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ, ಬ್ಲೌಸ್ ಪೀಸ್ ಇಟ್ಟರೆ, ಇವರು ಅದರ ಮೇಲೊಂದು ಹೊಸ ಸಿ.ಡಿ. ಇಡುವರು. ಮಂಗಳದ್ರವ್ಯದ ಜೊತೆ ಬರಿದಾಗಿ ಇರಬಾರದೆಂದು ಒಂದು ಮೂಲೆಗೆ ಕುಂಕುಮದ ಬೊಟ್ಟು. “ಟೆಕ್ಸಾಸಿನಲ್ಲಿ ನಮ್ಮ ಆಲ್ಬಂ ಇಲ್ಲದ ಕನ್ನಡದ ಮನೆ ಇಲ್ಲ” ಎಂದು ಹೇಳುವಾಗ ಅವರ ಎದೆ ಒಂದಿಂಚು ಮುಂದೆ ಬರುತ್ತಿತ್ತು.

ಎರಡು ಸಾವಿರದ ಎರಡರ ಬೇಸಿಗೆಯಲ್ಲಿ ಅವರಿಗೆ ಷಷ್ಟ್ಯಬ್ದಿಯಾಯಿತು. ಮೂರೂ ಊರಿನವರು ಬಂದು ಉಂಡು, ಉಡುಗೊರೆ ಕೊಟ್ಟು ಹೋದರು. ಮಾರನೆಯ ದಿನ ಪೊಟ್ಟಣ ಬಿಚ್ಚಿದರೆ ಕಾಪೆಲ್‌ನವರು ಕೊಟ್ಟದ್ದರಲ್ಲಿ ಮೆಸ್ಕೀಟ್ ರೈಡರ್ಸ್. ಶ್ರೀಕಂಠಯ್ಯನವರಿಗೆ ಆನಂದ. “ನೋಡಿದೆಯಾ, ನನ್ನ ರುಚಿ ಅವರಿಗೂ ಹತ್ತಿದೆ” ಎಂದವರು ಮೂಲೆಯಲ್ಲಿದ್ದ ಕುಂಕುಮದ ಬೊಟ್ಟು ಕಂಡು ಸಿ.ಡಿ.ಯನ್ನು ಹಿಂದೆ ಮುಂದೆ ತಿರುಗಿಸಿದರು. ಪ್ಲಾಸ್ಟಿಕ್ ಹೊದಿಕೆ ಅಂಗಡಿಯಿಂದ ಬಂದ ಹಾಗೆಯೇ ಇತ್ತು. ಯೂಲೆಸ್‌ನ ಪೊಟ್ಟಣದಲ್ಲಿ ಇನ್ನೊಂದು. ಆಸ್ಟಿನ್ನಿನದರಲ್ಲಿ ಮತ್ತೊಂದು; ಅದಕ್ಕೆ ಎರಡು ಬೊಟ್ಟು. ಯಾವುದೋ ಸುಮಂಗಲಿ ದಾರಿಯಲ್ಲಿ ತನ್ನದೂ ಒಂದನ್ನು ಸೇರಿಸಿದ್ದಳು.

“ಒಬ್ಬರೂ ಬಿಚ್ಚಿಲ್ಲ ನಳಿನಿ.”

“ಅದಕ್ಯಾಕೆ ಮುಖ ಸಣ್ಣ ಮಾಡ್ಕೋತೀರಿ? ನಾನು ಕೊಟ್ಟ ಹಸಿರು ಬ್ಲೌಸ್ ಪೀಸ್ ಡಲ್ಲಾಸೆಲ್ಲ ಸುತ್ತಿ ನನಗೇ ವಾಪಸ್ ಬಂದಿದೆ. ನಾನೇನು ಅತ್ತೆನಾ? ಬಣ್ಣ ಚೆನ್ನಾಗಿದೆ ಅಂತ ಇನ್ನೊಬ್ಬರಿಗೆ ಕೊಟ್ಟೆ.”

“ಅದು ಬಟ್ಟೆ. ಇದು ಸಂಗೀತ.”

“ಸುತ್ತೋ ಸಾಮಾನಿಗೆ ಅದೆಲ್ಲ ಗೊತ್ತಾಗಲ್ಲ ರೀ.”

ಶ್ರೀಕಂಠಯ್ಯನವರಿಗೆ ಆ ದಿನ ಊಟ ಸೇರಲಿಲ್ಲ. ಇಷ್ಟು ವರ್ಷ ಹಂಚಿದ್ದು ವ್ಯರ್ಥವೇ? ಸಾಯುವುದರೊಳಗೆ ಒಬ್ಬರೇ ಒಬ್ಬರು ಕನ್ನಡಿಗರು ಈ ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ ಕೇಳಬೇಕು ಎಂಬ ಛಲ ಅವರನ್ನು ಹಿಡಿಯಿತು.

ನವೆಂಬರಿನಲ್ಲಿ ಆಸ್ಟಿನ್ನಿನ ಕನ್ನಡ ಸಂಘದವರು ರಾಜ್ಯೋತ್ಸವಕ್ಕೆ ದೀಪ ಬೆಳಗಲು ಶ್ರೀಕಂಠಯ್ಯನವರನ್ನೇ ಕರೆದರು. ಮೊದಲ ಬಾರಿಯ ಗೌರವ. ರೇಷ್ಮೆ ಪಂಚೆ, ಕರಿ ಕೋಟು, ಕನ್ನಡಿಯ ಮುಂದೆ ಭಾಷಣದ ಅಭ್ಯಾಸ, ಎಲ್ಲ ನಡೆಯಿತು. ಜೊತೆಗೆ ಒಂದು ಉಪಾಯವೂ ಹೊಳೆಯಿತು. “ಯಾರೂ ಬೇರೆ ಕಾರು ತೆಗೀಬೇಡಿ, ನನ್ನ ಮಿನಿವ್ಯಾನಿದೆ” ಎಂದು ನೆರೆಹೊರೆಗೆಲ್ಲ ಫೋನ್ ಮಾಡಿದರು. ಆಸ್ಟಿನ್ನಿಗೆ ಸುಮಾರು ಮೂರು ಗಂಟೆಯ ದಾರಿ. ಆಲ್ಬಂ ಮುಕ್ಕಾಲು ಗಂಟೆಯದು. ಓಡುವ ಗಾಡಿಯಿಂದ ಇಳಿದು ಹೋಗುವವರು ಯಾರು? ವಿಷಯ ತಿಳಿದವರು ಕೆಮ್ಮು, ನೆಗಡಿ ಎಂದರು. ಸಿಕ್ಕಿದವರು ಪಕ್ಕದ ಬೀದಿಯ ನಾನು, ಧಾರವಾಡದ ಕಡೆಯ ಗುರುರಾಜ್, ಅವನ ಹೆಂಡತಿ ತ್ರಿವೇಣಿ, ಮತ್ತು ಮಗನ ಮನೆಗೆಂದು ಬಂದಿದ್ದ ಅವನ ತಾಯಿ ಕೃಷ್ಣವೇಣಮ್ಮ.

ಗುರುರಾಜ್ ದಂಪತಿ ಹಿಂದಿನ ಸೀಟು ಹಿಡಿದು, ಮೊದಲ ಹಾಡಿನ ಗಿಟಾರು ಕೇಳಿದ್ದೇ ತಡ, ಕಣ್ಣು ಮುಚ್ಚಿದರು. ನಾನೂ ಪ್ರಯತ್ನಿಸಿದೆ. ತಲೆ ಸುತ್ತುತ್ತದೆಂದು ಮುಂದೆ ಕೂತಿದ್ದ ಕೃಷ್ಣವೇಣಮ್ಮನವರು ಮಾತ್ರ ತಲೆ ಓರೆ ಮಾಡಿ ಕೇಳುತ್ತಿದ್ದರು.

“ಏನಂತಾನ್ರೀ ರಾಯರ, ಅಂವ?”

“ಕುದುರೆ ಏರಿ ಮನೆ ಬಿಟ್ಟು ಹೊರಟಿದಾನೆ ಅಮ್ಮ.”

“ಯಾಕ?”

ಇಪ್ಪತ್ತೈದು ವರ್ಷದಲ್ಲಿ ಶ್ರೀಕಂಠಯ್ಯನವರು ತಮ್ಮನ್ನು ತಾವು ಕೇಳಿಕೊಳ್ಳದ ಪ್ರಶ್ನೆ ಅದು. “ರಸ್ತೆ ಕರೀತಾ ಇದೆ ಅಂತಾನೆ.”

“ರಸ್ತೆ ಕರದ್ರ ಹೋಗೂದೇನು? ಅವ್ವಗ ಹೇಳ್ಯಾನಿಲ್ಲೋ?”

“ಹೇಳಿದ ಹಾಗೆ ಕಾಣಲ್ಲ.”

“ತಡೀರಿ, ಅದನ್ನ ನಿಲ್ಲಸ್ರಿ. ಮದಲಿಂದ ಹೇಳ್ರಿ.”

ನಿಲ್ಲಿಸಿ ಹೇಳಿದರು. ಮತ್ತೆ ಹಚ್ಚಿದರು. ಎರಡನೆಯ ಹಾಡು ಬಂತು.

“ಈಗ ಎಲ್ಲಿದ್ದಾನ?”

“ಅಮ್ಮ, ಇದು ಬೇರೆ ಹಾಡು. ಗ್ರೇಟೆಸ್ಟ್ ಹಿಟ್ಸ್ ಅಂದ್ರೆ ಹಳೇ ಆಲ್ಬಮ್ಮುಗಳಿಂದ ಆರಿಸಿ ಒಟ್ಟಿಗೆ ಹಾಕಿರೋದು. ಹತ್ತು ಹಾಡು, ಹತ್ತು ಕಥೆ.”

“ದನಿ ಅದ ಅಲ್ಲೇನ್ರೀ?”

“ಹಾಡೋನು ಅವನೇ.”

“ಕುದುರಿ?”

“ಕುದುರೆ... ಇದರಲ್ಲೂ ಇದೆ.”

“ಮತ್ತ ಬ್ಯಾರೆ ಹೆಂಗಾಗ್ತದ? ಅಂವನ ಇಂವ. ಅಲ್ಲಿ ಮನಿ ಬಿಟ್ಟ, ಇಲ್ಲಿ ಬಂದು ಕುಡದು ಕೂತಾನ. ಮುಂದ ಹಚ್ರಿ.”

ಶ್ರೀಕಂಠಯ್ಯನವರು ತಿದ್ದಲು ಬಾಯಿ ತೆರೆದರು. ನನ್ನ ಪಕ್ಕದಲ್ಲಿದ್ದ ನಳಿನಿಯವರು, “ಸುಮ್ಮನೆ ಮುಂದೆ ಹೇಳಿ. ಕೇಳೋರು ಸಿಕ್ಕಿದಾರೆ, ತರ್ಕ ಮಾಡಿ ಕಳ್ಕೋಬೇಡಿ” ಎಂದರು.

ಅಲ್ಲಿಂದ ಅದು ಹರಿಕಥೆಯೇ ಆಯಿತು. ಎರಡು ಸಾಲು ಹಾಡು, ನಿಲುಗಡೆ, ಅರ್ಥ, ಕೃಷ್ಣವೇಣಮ್ಮನವರ ತೀರ್ಪು. ನಾಲ್ಕನೆಯ ಹಾಡಿನಲ್ಲಿ ಹುಡುಗಿ ಬೇರೊಬ್ಬನನ್ನು ಮದುವೆಯಾದಳು. “ಛಲೋ ಮಾಡಿದ್ಲು. ಶಾಣ್ಯಾಕಿ!” ಆರನೆಯದರಲ್ಲಿ ಅವನು ಜೈಲಿನಲ್ಲಿದ್ದ. “ಕುದುರಿಗೆ ಹುಲ್ಲು ಯಾರು ಹಾಕ್ತಾರ ಈಗ?” ನಡುದಾರಿಯ ಲಾ ಗ್ರೇಂಜ್ ಎಂಬ ಊರಿನಲ್ಲಿ ಕಾಫಿಗೆ ನಿಂತಾಗಲೂ ಅದೇ ಚಿಂತೆ. ಎಚ್ಚರವಾದ ಗುರುರಾಜ್, “ಅವ್ವಾ, ಸಾಕ್ ಮಾಡು, ಅಂಕಲ್ಲಿಗೆ ಡ್ರೈವ್ ಮಾಡ್ಲಿಕ್ಕೆ ಬಿಡು” ಎಂದ.

“ನೀ ಮಲ್ಕೋ. ಎಚ್ಚರಿದ್ದಾಗರ ನೀ ಏನ್ ಮಾತಾಡ್ತಿ?”

ಆಸ್ಟಿನ್ನಿನ ಸಭಾಂಗಣದ ಮುಂದೆ ವ್ಯಾನು ನಿಂತಾಗ ಒಂಬತ್ತು ಹಾಡು ಮುಗಿದಿತ್ತು. ನಮಗೆ ತಡವಾಗಿತ್ತು. ಸಂಘದ ಕಾರ್ಯದರ್ಶಿ ಜಯಂತ ಎದೆಗೆ ಬ್ಯಾಡ್ಜ್ ಚುಚ್ಚಿಕೊಂಡು ಓಡಿ ಬಂದ. “ಅಂಕಲ್, ಬೇಗ ಬನ್ನಿ! ಪ್ರಾರ್ಥನೆ ಆಗ್ತಿದೆ, ಇನ್ನು ದೀಪ ಹಚ್ಚೋದೇ.”

ಶ್ರೀಕಂಠಯ್ಯನವರು ಕೋಟಿನ ಗುಂಡಿ ಹಾಕಿಕೊಂಡು ಬಾಗಿಲಿಗೆ ಕೈಯಿಟ್ಟರು. ಕೃಷ್ಣವೇಣಮ್ಮನವರು ಸೀಟ್ ಬೆಲ್ಟ್ ಬಿಚ್ಚಲಿಲ್ಲ.

“ನೀವು ಹೋಗಿ ಬರ್ರಿ ರಾಯರ. ನಾ ಇಲ್ಲೇ ಕೂತಿರ್ತೇನಿ. ಅಂವ ಮನಿಗೆ ಹ್ವಾದನೋ ಇಲ್ಲೋ ತಿಳೀದ ನಾ ಇಳಿಯೂದಿಲ್ಲ.”

ಒಳಗಿನಿಂದ ಮೈಕಿನಲ್ಲಿ ಅವರ ಹೆಸರು ಕೇಳಿಬಂತು, ಹಿಂದೊಂದು ಮುಂದೊಂದು ವಿಶೇಷಣದ ಸಮೇತ. ಶ್ರೀಕಂಠಯ್ಯನವರು ಆ ವಿಶೇಷಣಗಳನ್ನು ಪೂರ್ತಿಯಾಗಿ ಕೇಳಿಸಿಕೊಂಡರು. ಆಮೇಲೆ ಬಾಗಿಲಿನಿಂದ ಕೈ ತೆಗೆದರು.

“ಜಯಂತ, ನಳಿನೀನ ಕರ್ಕೊಂಡು ಹೋಗು. ಅವಳು ಹಚ್ತಾಳೆ.”

“ಅಂಕಲ್, ಭಾಷಣ?”

“ಅದೂ ಅವಳಿಗೇ ಬಾಯಿಪಾಠ ಆಗಿದೆ, ಪಾಪ.”

ನಳಿನಿಯವರು ಗಂಡನ ಮುಖವನ್ನೊಮ್ಮೆ ನೋಡಿ, ಸೆರಗು ಸರಿಮಾಡಿಕೊಂಡು ನಡೆದೇಬಿಟ್ಟರು. ಗುರುರಾಜ್, ತ್ರಿವೇಣಿ ಹಿಂದೆಯೇ ಹೋದರು. ನಾನು ಕದಲಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಕುದುರೆಯ ಚಿಂತೆ ಹತ್ತಿತ್ತು.

ಹತ್ತನೆಯ ಹಾಡು. ಅವನು ಊರಿಗೆ ಬರುತ್ತಾನೆ, ಕುದುರೆಯೂ ಬರುತ್ತದೆ. ಬೇಲಿಯ ಹತ್ತಿರ ನಿಲ್ಲುತ್ತಾನೆ. ಅಡುಗೆಮನೆಯಲ್ಲಿ ದೀಪವಿದೆ. ಗಿಟಾರು ಸಣ್ಣಗಾಗುತ್ತ ಆಗುತ್ತ ಹಾಡು ಮುಗಿಯಿತು.

“ಬಾಗಲಾ ಬಡದನೇನು?”

“ಅದು ಹೇಳಿಲ್ಲ ಅಮ್ಮ. ಅಲ್ಲಿಗೇ ನಿಲ್ಲುತ್ತೆ.”

ಮುಂದಿನದನ್ನು ಕೃಷ್ಣವೇಣಮ್ಮನವರೇ ಹೇಳಿದರು. “ಬಡದಿರ್ತಾನ ತಗೋರಿ. ಹಸಿವಿ ಆಗಿರ್ತದ.” ಬೆಲ್ಟಿನ ಮೇಲೆ ಕೈಯಿಟ್ಟವರು ಮತ್ತೆ ತೆಗೆದರು. “ಇನ್ನೊಮ್ಮೆ ಹಚ್ರಿ ಅದನ್ನ.”

ಶ್ರೀಕಂಠಯ್ಯನವರ ಬೆರಳಿಗೆ ಗುಂಡಿ ಸಿಗಲು ತಡವಾಯಿತು. ಕನ್ನಡಕ ಒರೆಸಿಕೊಳ್ಳಬೇಕಾಯಿತು.

ನಾವು ಒಳಗೆ ಹೋದಾಗ ದೀಪ ಚೆನ್ನಾಗಿ ಉರಿಯುತ್ತಿತ್ತು. ನಳಿನಿಯವರ ಭಾಷಣಕ್ಕೆ ಚಪ್ಪಾಳೆ ಬಿದ್ದು ತಣ್ಣಗಾಗಿತ್ತು. ಜಯಂತ ಎದುರಾದ. “ಏನಂಕಲ್ ನೀವು, ಉದ್ಘಾಟನೇನೇ ತಪ್ಪಿಸಿಕೊಂಡ್ರಲ್ಲ! ಅಷ್ಟೊತ್ತು ಪಾರ್ಕಿಂಗಿನಲ್ಲಿ ಏನ್ ಮಾಡ್ತಿದ್ರಿ?”

ಶ್ರೀಕಂಠಯ್ಯನವರು ರೇಷ್ಮೆ ಪಂಚೆಯ ನೆರಿಗೆ ಕೊಡವಿ, ಸಭೆಗೆಲ್ಲ ಕೇಳಿಸುವಂತೆ ಹೇಳಿದರು:

“ಪೂರ್ತಿ ಕೇಳಿದ್ರು ಕಣಯ್ಯ. ಕೊನೇದು ಎರಡು ಸಲ!”