ಬಣ್ಣದೊಳಗಿನ ಟ್ಯೂಬ್‌ಲೈಟ್

ಕಟ್ಟಿ ಕಾಕಾ ಯಾವ ಕಾರನ್ನೂ ನಿಂತು ನೋಡಿದವರಲ್ಲ. ಅಂಗಿಯ ತುದಿಯಿಂದ ಚಸ್ಮಾ ಒರೆಸಿ ಹಾಕಿಕೊಂಡು, ಕುಕ್ಕರುಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ಕೆನ್ನೆ ಬಾನೆಟ್‌ಗೆ ತಾಗುವಷ್ಟು ಬಾಗಿ, ಬಡಗಿ ಹಲಗೆಯ ಅಂಚು ನೋಡುವ ಹಾಗೆ ನೋಡುತ್ತಿದ್ದರು. ಅವರು ನೋಡುತ್ತಿದ್ದದ್ದು ಬಣ್ಣವನ್ನಲ್ಲ, ಬಣ್ಣದಲ್ಲಿ ಬಿದ್ದ ಪ್ರತಿಬಿಂಬವನ್ನು.

"ಬಣ್ಣ ನೋಡಬ್ಯಾಡೋ, ಬಣ್ಣದಾಗಿನ ಟ್ಯೂಬ್‌ಲೈಟ್ ನೋಡು. ಬಣ್ಣ ಸುಳ್ಳ ಹೇಳ್ತದ, ಟ್ಯೂಬ್‌ಲೈಟ್ ಹೇಳೂದಿಲ್ಲ" ಎನ್ನುತ್ತಿದ್ದರು.

ಧಾರವಾಡದ ಗುರುನಾಥ ಕಟ್ಟಿ ದಿಲ್ಲಿಯ ಹೊರವಲಯದ ಕಾರು ಕಾರ್ಖಾನೆಯೊಂದರ ಪೇಂಟ್ ಶಾಪಿನಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವರು. ಅಲ್ಲಿ ಸಾಲು ಟ್ಯೂಬ್‌ಲೈಟುಗಳ ಕೆಳಗೆ ಒಂದೊಂದೇ ಕಾರು ಬರುತ್ತಿತ್ತು. ಬಣ್ಣ ನುಣುಪಾಗಿದ್ದರೆ ಅದರಲ್ಲಿ ಕಾಣುವ ಟ್ಯೂಬ್‌ಲೈಟು ನೆಟ್ಟಗಿರುತ್ತಿತ್ತು. ಕಿತ್ತಳೆ ಸಿಪ್ಪೆಯಂತೆ ತರಿತರಿಯಾಗಿದ್ದರೆ ನಡುಗುತ್ತಿತ್ತು. ಧೂಳಿನ ಕಣ ಕೂತಿದ್ದರೆ ಅಲ್ಲೊಂದು ಗಂಟು. ಸ್ವಯಂನಿವೃತ್ತಿ ಪಡೆದ ಮೇಲೆ ಲೋಧಿ ಕಾಲೋನಿಯಲ್ಲಿ, ಹೆಂಡತಿ ಸುಧಾ ವೈನಿಗೆ ಸಿಕ್ಕಿದ್ದ ಸರ್ಕಾರಿ ಫ್ಲ್ಯಾಟಿನಲ್ಲಿದ್ದರು. ಗಲ್ಲಿಯಲ್ಲಿ ಹಗಲು ಟ್ಯೂಬ್‌ಲೈಟ್ ಎಲ್ಲಿಂದ ಬರಬೇಕು? ಮೇಲೆ ಹಾದುಹೋದ ವಿದ್ಯುತ್ ತಂತಿಯ ಪ್ರತಿಬಿಂಬವನ್ನೇ ನೆಚ್ಚಿಕೊಂಡಿದ್ದರು. ಅದನ್ನೂ ಟ್ಯೂಬ್‌ಲೈಟ್ ಎಂದೇ ಕರೆಯುತ್ತಿದ್ದರು. ಗಲ್ಲಿಯ ಮಕ್ಕಳು ಅವರಿಗೆ 'ಟ್ಯೂಬ್‌ಲೈಟ್ ಅಂಕಲ್' ಎಂದು ಹೆಸರಿಟ್ಟಿದ್ದರು. ಹೊತ್ತಿಕೊಳ್ಳಲು ತಡವಾಗುವ ಆಸಾಮಿ ಎಂಬ ಕೊಂಕೂ ಅದರಲ್ಲಿತ್ತು.

ನಾನಾಗ ಕನ್ನಡ ಪತ್ರಿಕೆಯೊಂದರ ದಿಲ್ಲಿ ವರದಿಗಾರ. ಅದೇ ಗಲ್ಲಿಯ ಇನ್ನೊಂದು ತುದಿಯಲ್ಲಿ ವಾಸ. ಕರೋಲ್ ಬಾಗ್‌ನಲ್ಲಿ ಕೊಂಡ ನನ್ನ ಹಳೆಯ ಕಾರಿನ ಹಿಂಬಾಗಿಲಲ್ಲಿ ಮೊದಲ ಮಳೆಗೇ ಸಣ್ಣ ಗುಳ್ಳೆಗಳೆದ್ದವು. ಕಾರನ್ನು ಅವರ ಮನೆಯ ಕೆಳಗೆ ತಂದು ನಿಲ್ಲಿಸಿದೆ. ಕಾಕಾ ಇಳಿದು ಬಂದು ಕೂತು ನೋಡಿದರು.

"ನೀರ ಇರಬಹುದು. ಸ್ಪ್ರೇ ಹೊಡಿಯೂ ಗಾಳಿಯೊಳಗ ನೀರ ಇದ್ದರ ಬಣ್ಣದ ಕೆಳಗ ಹೋಗಿ ಕೂಡ್ತದ. ತುಕ್ಕ ಇರಬಹುದು. ಇಲ್ಲಾ, ಬಣ್ಣ ಹೊಡಿಯೂಕಿಂತ ಮೊದಲ ಯಾವನರ ಬೆವರಗೈ ಇಟ್ಟಿರಬೇಕು. ಬೆವರಿನಾಗಿನ ಉಪ್ಪು ನೀರ ಎಳಕೋತದ, ಮಳಿಗಾಲದಾಗ ಉಬ್ಬತದ. ಇಲ್ನೋಡು, ಕೈ ಊರಿದಂಗ ಇಲ್ಲೇನು?"

ಅವರು ಹೇಳಿದ ಮೇಲೆ ನನಗೂ ಗುಳ್ಳೆಗಳ ನಡುವೆ ಒಂದು ಅಂಗೈ ಕಾಣಿಸತೊಡಗಿತು.

"ಹಾಗಾದ್ರೆ ಬೆವರೇ ಕಾರಣ ಅನ್ನಿ, ಕಾಕಾ."

"ಹೌದಂದ್ರ ಹೌದು, ಅಲ್ಲಂದ್ರ ಅಲ್ಲ. ನಿನಗ ಹೆಡ್‌ಲೈನ್ ಬೇಕು. ಗುಳ್ಳಿಗೆ ಹೆಡ್‌ಲೈನ್ ಇರೂದಿಲ್ಲೋ ಮಾರಾಯಾ."

ಮೇಲೆ ಬಾಲ್ಕನಿಯಿಂದ ವೈನಿ ಕೂಗಿದರು: "ಚಹಾ ಬೇಕೋ ಬ್ಯಾಡೋ ಕೇಳಿದರೂ ಅವರು ಮೂರ ಕಾರಣ ಹೇಳ್ತಾರ. ನೀ ಬಂದು ಕುಡದ ಹೋಗು."

ಮರುದಿನ ಕಾಕಾ ನನ್ನೊಡನೆ ಪೇಂಟರ್‌ ಹತ್ತಿರ ಬಂದರು. ಹಳೆಯ ಬಣ್ಣವನ್ನು ತಗಡಿನವರೆಗೂ ಕೆರೆಸಿದರು, ತುಕ್ಕು ತೆಗೆಸಿದರು, ತೊಳೆಸಿದರು, ಬಿಸಿಲಲ್ಲಿ ಒಣಗಿಸಿದರು, ಸ್ಪ್ರೇಗೆ ಗಾಳಿ ಕೊಡುವ ಕಂಪ್ರೆಸರಿನ ನೀರು ಬಸಿಸಿದರು. "ಹಾಥ್ ಮತ್ ಲಗಾವೋ ಭಯ್ಯಾ!" ಎಂದು, ಕೈ ತಾಗಿಸಬೇಡವೆಂದು, ಅವರು ಕೂಗಿದ ರಭಸಕ್ಕೆ ಪೇಂಟರ್ ಕೈಗೆ ಪಾಲಿಥೀನ್ ಚೀಲ ಕಟ್ಟಿಕೊಂಡ. ಮುಂದಿನ ಮಳೆಗಾಲದಲ್ಲಿ ಗುಳ್ಳೆ ಏಳಲಿಲ್ಲ. ಎಲ್ಲ ಕಾರಣಗಳಿಗೂ ಒಟ್ಟಿಗೇ ಮದ್ದು ಮಾಡಿದ್ದರಿಂದ ನಿಜವಾದ ರೋಗ ಯಾವುದೆಂದು ಇಂದಿಗೂ ಗೊತ್ತಿಲ್ಲ.

ಧೂಳಿನ ಬಿರುಗಾಳಿ, ಅಲ್ಲಿನವರ ಆಂಧಿ, ಬಂದುಹೋದ ಮರುಬೆಳಿಗ್ಗೆ ಕಾಕಾ ಗಲ್ಲಿಯಲ್ಲೇ ಇರುತ್ತಿದ್ದರು. ಯಾರಾದರೂ ಒಣಬಟ್ಟೆಯಿಂದ ಕಾರು ಒರೆಸಿದರೆ ಓಡಿಹೋಗಿ ಬಟ್ಟೆ ಹಿಡಿಯುತ್ತಿದ್ದರು. "ಅದು ಧೂಳಲ್ಲೋ, ಉಪ್ಪ ಕಾಗದ! ತಿಕ್ಕಿದರ ಬಣ್ಣ ಗೀರತದ, ಮೊದಲ ನೀರ ಸುರುವು." ಹಕ್ಕಿಯ ಹಿಕ್ಕೆಯನ್ನು ಬಿಸಿಲೇರುವ ಮೊದಲೇ ತೊಳೆಯಬೇಕೆಂದು ಬಾಗಿಲು ಬಡಿದು ಹೇಳಿದ್ದೂ ಉಂಟು. ಬೈದುಕೊಂಡೇ ಜನ ತೊಳೆಯುತ್ತಿದ್ದರು. ಬಣ್ಣದ ವಿಷಯದಲ್ಲಿ ಆ ಗಲ್ಲಿಗೆ ಅವರ ಮಾತೇ ಕೊನೆಯದಾಗಿತ್ತು. ಆ ಮಾತು ಏನೆಂದು ಯಾರಿಗೂ ಸ್ಪಷ್ಟವಾಗಿ ತಿಳಿಯುತ್ತಿರಲಿಲ್ಲ, ಅಷ್ಟೆ.

ಅವರ ಮಾತಿನ ಮೇಲೆ ಒಬ್ಬನ ಅನ್ನ ಅವಲಂಬಿಸಿದ್ದು ಒಂದೇ ಸಲ.

ಗಲ್ಲಿಯ ಬೇವಿನ ಮರದ ಕೆಳಗೆ ರಾಮಾವತಾರ್ ಎಂಬವನು ಮೇಜು ಹಾಕಿ, ಕೆಂಡದ ಇಸ್ತ್ರಿಯಲ್ಲಿ ಎಲ್ಲರ ಬಟ್ಟೆ ತೀಡುತ್ತಿದ್ದ. ಅವನ ಅಪ್ಪನೂ ಅಲ್ಲೇ ನಿಂತು ತೀಡಿದವನು. ಕಾಕಾರ ಮೇಲಿನ ಮನೆಯ ಅಧಿಕಾರಿ ಮಾಥುರ್ ಆಗತಾನೆ ಕಡುನೀಲಿ ಕಾರು ಕೊಂಡು ಅದೇ ಮರದ ನೆರಳಿಗೆ ನಿಲ್ಲಿಸುತ್ತಿದ್ದರು. ಹೋಳಿ ಕಳೆದ ಮೇಲೊಂದು ಭಾನುವಾರ ಬಾನೆಟ್ ತುಂಬ ಕಂದು ಚುಕ್ಕೆಗಳು ಕಂಡವು. ಇಸ್ತ್ರಿಯ ಬೂದಿ ಕೊಡವಿದಾಗ ಹಾರಿದ ಕಿಡಿಗಳೇ ಬಣ್ಣ ಸುಟ್ಟಿವೆ, ಪಾಲಿಕೆಗೆ ದೂರು ಕೊಟ್ಟು ನಾಳೆಯೇ ಮೇಜು ಎತ್ತಿಸುತ್ತೇನೆ ಎಂದು ಮಾಥುರ್ ಕೂಗಾಡಿದರು. ರಾಮಾವತಾರ್ ಕೈಮುಗಿದು, "ಪೇಡ್ ಸೇ ಗಿರಾ ಹೋಗಾ ಸಾಬ್" ಎಂದ. ಮರದಿಂದ ಬಿದ್ದಿರಬೇಕು ಎಂದು.

"ಬುಲಾವೋ ಕಟ್ಟಿ ಜೀ ಕೋ!" ಕಟ್ಟಿಯವರನ್ನು ಕರೆಯಿರಿ ಎಂದು ಮಾಥುರ್ ಗುಡುಗಿದರು.

ಚಹಾ ಕುಡಿಯುತ್ತಿದ್ದ ಕಾಕಾರನ್ನು ಮಾಥುರ್ ತಾವೇ ಹೋಗಿ ಎಬ್ಬಿಸಿ ತಂದರು. ಅರ್ಧ ಗಲ್ಲಿ ಸುತ್ತ ನಿಂತಿತ್ತು. ಕಾಕಾ ಕುಕ್ಕರುಗಾಲಲ್ಲಿ ಕೂತರು. ಒಂದು ಕಣ್ಣು ಮುಚ್ಚಿದರು. ಚುಕ್ಕೆಗಳನ್ನು ಉಗುರಿನಿಂದ ಮುಟ್ಟಿದರು, ಬೆರಳು ಮೂಸಿದರು. ಬೇವಿನ ಅಂಟಾದರೆ ಉಬ್ಬಿರುತ್ತದೆ, ಬಿಸಿನೀರಿಗೆ ಬಿಡುತ್ತದೆ. ಹಿಕ್ಕೆಯಾದರೆ ಬಣ್ಣ ಸುಕ್ಕುಗಟ್ಟುತ್ತದೆ. ಕಿಡಿಯಾದರೆ ಸೂಜಿಮೊನೆಯಷ್ಟು ಕುಳಿ, ಒಳಗೆ ಕಪ್ಪು. ಇದೆಲ್ಲ ಅವರಿಂದಲೇ ಕೇಳಿ ತಿಳಿದಿದ್ದ ನಾನು, ಇನ್ನು ಮೂರು ಕಾರಣಗಳು ಹೊರಬೀಳುತ್ತವೆ ಎಂದು ಕಾದೆ.

"ಬತಾಯಿಯೇ, ಕಿಡಿ ಹೌದೋ ಅಲ್ಲವೋ? ಹಾಂ ಯಾ ನಾ?" ಮಾಥುರ್ ಅವಸರಿಸಿದರು.

ಕಾಕಾ ಎದ್ದು ಮೊಣಕಾಲು ಸವರಿಕೊಂಡರು. "ಮಾಲೂಮ್ ನಹೀಂ" ಎಂದರು. ಗೊತ್ತಿಲ್ಲ ಎಂದು.

"ಮಾಲೂಮ್ ನಹೀಂ? ಹಾಗಾದರೆ ಫ್ಯಾಕ್ಟರಿಯಲ್ಲಿ ಇಷ್ಟು ವರ್ಷ ಏನು ನೋಡಿದಿರಿ? ಮಕ್ಕಳು ಹೆಸರು ಸರಿಯಾಗೇ ಇಟ್ಟಿದ್ದಾರೆ, ಟ್ಯೂಬ್‌ಲೈಟ್!"

ಜನ ನಕ್ಕರು. ಕಾಕಾ "ಜೀ" ಎಂದಷ್ಟೇ ಹೇಳಿ ಆರುತ್ತಿದ್ದ ಚಹಾಕ್ಕೆ ವಾಪಸಾದರು.

ದೂರು ಕೊಡಲು ಮಾಥುರ್‌ಗೆ ಸಾಕ್ಷಿ ಉಳಿಯಲಿಲ್ಲ. ಮರುದಿನ ಅವರು ಕಾರಿಗೆ ಕವರ್ ತಂದರು. ಅದೇ ದಿನ ರಾಮಾವತಾರ್ ಮೇಜನ್ನು ಮರದ ಆಚೆ ಬದಿಗೆ ಎಳೆದುಕೊಂಡ. ಯಾಕೆಂದು ಕೇಳಿದರೆ, "ಬಾಬೂಜಿ ಬೋಲೇ, ಉಧರ್ ಛಾಂವ್ ಅಚ್ಛೀ ಹೈ" ಎಂದ. ಆಚೆಗೆ ನೆರಳು ಚೆನ್ನಾಗಿದೆ ಎಂದು ಅವನಿಗೆ ಹೇಳಿದ ಬಾಬೂಜಿ ಕಟ್ಟಿ ಕಾಕಾ. ಚುಕ್ಕೆ ಬೀಳುವುದು ನಿಂತಿತು. ಕವರ್‌ನಿಂದಲೋ, ಮೇಜು ಸರಿದದ್ದರಿಂದಲೋ, ಹೇಳಲು ದಾರಿಯಿರಲಿಲ್ಲ. ಅಂದಿನಿಂದ ಗಲ್ಲಿಯವರು ಕಾಕಾರ ಹತ್ತಿರ ಕಾರು ತೋರಿಸುವುದನ್ನು ಬಿಟ್ಟರು. ಆಂಧಿಯ ಮರುದಿನ ಒಣಬಟ್ಟೆಗಳು ನಿರಾತಂಕವಾಗಿ ಆಡುತ್ತಿದ್ದವು. ಕಾಕಾ ಬಾಲ್ಕನಿಯಲ್ಲಿ ನಿಂತು ನೋಡುತ್ತಿದ್ದರು, ಇಳಿದು ಬರುತ್ತಿರಲಿಲ್ಲ.

ವೈನಿಯನ್ನು ಒಮ್ಮೆ ಕೇಳಿದೆ.

"ಅವರಿಗೆ ಅವತ್ತ ಏನ ಕಂಡಿರಬೇಕೋ? ಚಸ್ಮಾ ಚಹಾದ ಬಶಿ ಪಕ್ಕದಾಗ ಇತ್ತು. ಚಸ್ಮಾ ಇಲ್ಲಂದ್ರ ತಾಟಿನಾಗಿನ ಸಾಸಿವಿ ಸುದ್ದಾ ಕಾಣೂದಿಲ್ಲ."

"ಮರೆತು ಹೋಗಿದ್ರಾ, ಬೇಕಂತ ಬಿಟ್ಟು ಹೋಗಿದ್ರಾ?"

"ಹಾಸಗಿಯಿಂದ ಏಳೂ ಮೊದಲ ಚಸ್ಮಾ ಹಾಕ್ಕೊಳ್ಳೂ ಮನಶ್ಯಾ. ನನಗೂ ತಿಳೀವಲ್ದು. ಆದರ ಆ ಮಾಥುರ್ ಕೈ ಹಿಡದ ಎಳಕೊಂಡ ಹೋದದ್ದೂ ಖರೇ."

ವೈನಿಯ ನಿವೃತ್ತಿಯಾಗಿ ಅವರು ಫ್ಲ್ಯಾಟು ಬಿಟ್ಟುಕೊಟ್ಟು ಧಾರವಾಡಕ್ಕೆ ಹೊರಟ ದಿನ ನಾನು ಕೆಳಗೆ ನಿಂತಿದ್ದೆ. ಸಾಮಾನು ಲಾರಿಗೆ ಏರಿತ್ತು. ರಾಮಾವತಾರ್ ಕೊನೆಯ ಅಂಗಿಗಳನ್ನು ಮಡಚಿ ತಂದು ಕೊಟ್ಟು, ಕಾಲುಮುಟ್ಟಿ ಹೋದ. ಅವನು ದೂರ ಸರಿದ ಮೇಲೆ ಕೇಳಿದೆ.

"ಕಾಕಾ, ಈಗಲಾದ್ರೂ ಹೇಳಿ. ಅದು ಕಿಡಿನಾ ಅಲ್ವಾ?"

ಕಾಕಾ ನನ್ನ ಕಾರಿನ ಕಡೆ ನಡೆದು, ಬಾನೆಟ್ಟಿನ ಮೂಲೆಯಲ್ಲಿ ಬೆರಳಿಟ್ಟರು. ಅಲ್ಲೊಂದು ಕಂದು ಚುಕ್ಕೆ. ಎಂದಿನಿಂದ ಇತ್ತೋ, ನಾನು ಗಮನಿಸಿರಲಿಲ್ಲ. ಅವರು ಚಸ್ಮಾ ತೆಗೆದು ನನ್ನ ಮೂಗಿಗೇರಿಸಿದರು. "ಕೂಡು. ನೀನ ನೋಡಿ ಹೇಳು."

ಕುಕ್ಕರುಗಾಲಲ್ಲಿ ಕೂತು ಒಂದು ಕಣ್ಣು ಮುಚ್ಚಿದೆ. ಅವರ ಗಾಜಿನಲ್ಲಿ ಬಾನೆಟ್ಟು, ತಂತಿ, ಮರ, ಎಲ್ಲ ಕಲಸಿಹೋಗಿ ನೀರಿನಂತೆ ಅಲುಗಿದವು.

"ಏನ ಕಂಡ್ತು?"

"ಏನೂ ಗೊತ್ತಾಗ್ಲಿಲ್ಲ ಕಾಕಾ."

"ಹಾಂ. ನನಗೂ ಹಂಗ ಆಗಿತ್ತು ಅಂತ ತಿಳಕೋ" ಎಂದು ಚಸ್ಮಾ ವಾಪಸು ತೆಗೆದುಕೊಂಡು ಟ್ಯಾಕ್ಸಿ ಹತ್ತಿದರು. 'ಆಗಿತ್ತು' ಎಂದಷ್ಟೇ ಹೇಳಲಿಲ್ಲ, 'ಆಗಿತ್ತು ಅಂತ ತಿಳಕೋ' ಎಂದರು. ಅದಾದ ಮೇಲೆ ನಾವು ಭೇಟಿಯಾಗಲಿಲ್ಲ.

ಆ ಕಾರನ್ನು ಮಾರಿದಾಗ ಕೊಳ್ಳಲು ಬಂದವನು ಸುತ್ತ ನಡೆದು ನೋಡಿ, ಚುಕ್ಕೆಯ ಬಳಿ ನಿಂತು, "ಯೇ ಕ್ಯಾ ಹೈ?" ಎಂದ. ಮರದ ಆಚೆ ರಾಮಾವತಾರ್ ಇಸ್ತ್ರಿ ಎತ್ತಿ ಹಿಡಿದವನು ಹಾಗೇ ನಿಂತ.

"ಮಾಲೂಮ್ ನಹೀಂ" ಎಂದೆ.