ಆಷಾಢಕ್ಕೆ ಮುಂಚಿನ ಬಿಲ್ಲು

ಮುಳಬಾಗಿಲಿನ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿದ್ದ ಆ ಕಂಪ್ಯೂಟರ್ ಅಂಗಡಿಗೆ ಯಜಮಾನ ಮುಕುಂದ್. ಆದರೆ ಬಂದವರು ಮೊದಲು ನೋಡುತ್ತಿದ್ದುದು ಅವನ ಸೋದರತ್ತೆ ಜಾನಕಮ್ಮನವರ ಮುಖವನ್ನು. ಆ ಮುಖ ಸಡಿಲವಾಗಿದ್ದರೆ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು, ಗಂಟಿಕ್ಕಿದ್ದರೆ "ಆಮೇಲೆ ಬರ್ತೀವಿ" ಎಂದು ಮೆಟ್ಟಿಲಿನಿಂದಲೇ ಹಿಂತಿರುಗುತ್ತಿದ್ದರು. ಬಿಲ್ಲು ಬರೆಯುವುದು, ಗಿರಾಕಿಗಳ ಪರವಾಗಿ ಇಂಟರ್‌ನೆಟ್ಟಿನಲ್ಲಿ ಆರ್ಡರ್ ಮಾಡಿಕೊಡುವುದು, ಉದ್ರಿ ಕೇಳಿದವರಿಗೆ ಮುಖದ ಮೇಲೆ ಹೊಡೆದಂತೆ ಇಲ್ಲ ಎನ್ನುವುದು ಎಲ್ಲವೂ ಅವರದೇ. ಐವತ್ತು ದಾಟಿದ ಹೆಂಗಸು ಕೀಬೋರ್ಡಿನತ್ತ ಕಣ್ಣು ಹಾಯಿಸದೆ ಮಳೆ ಸುರಿದಂತೆ ಟೈಪ್ ಮಾಡುವುದನ್ನು ನೋಡಲೆಂದೇ ಕೆಲವರು ನಿಲ್ಲುವುದಿತ್ತು.

ಆ ಓಟ ಕೈಗೆ ಬಂದದ್ದು ಟೈಪ್‌ರೈಟರಿನಿಂದ. ತೊಂಬತ್ತರ ದಶಕದಲ್ಲಿ ಜಾನಕಮ್ಮನವರು ಇದೇ ಊರಿನಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದರು. ಅದನ್ನು ತೆರೆಯುವಾಗ ಅವರ ಅತ್ತೆ ಶಾಮಲಮ್ಮ, "ಆಷಾಢ ಕಣೇ, ಶ್ರಾವಣಕ್ಕೆ ತೆಂಗಿನಕಾಯಿ ಒಡಿ" ಎಂದು ಎಷ್ಟೋ ಹೇಳಿದ್ದರು. ಸೊಸೆಗೆ ಅವಸರ. ಪರೀಕ್ಷೆಗೆ ಕೂರುವ ಹುಡುಗರು ಬೇರೆ ಕಡೆ ಸೇರಿಬಿಡುತ್ತಾರೆಂದು ಆಷಾಢದಲ್ಲೇ ಬಾಗಿಲು ತೆರೆದರು. ಒಂದಷ್ಟು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಹುಡುಗರು ಕರಗಿದರು, ಯಂತ್ರಗಳು ಗುಜರಿಗೆ ಹೋದವು. "ಆಷಾಢದಲ್ಲಿ ತೆರೆದ ಬಾಗಿಲು, ಇನ್ನೇನಾಗುತ್ತೆ" ಎಂದು ಶಾಮಲಮ್ಮ ಹೇಳಿದ ಮಾತನ್ನು ಊರು ಬಾಯಿಂದ ಬಾಯಿಗೆ ದಾಟಿಸಿತು. ಜಾನಕಮ್ಮನವರೂ ಅದನ್ನು ಒಪ್ಪಿದರು. ಅಂದಿನಿಂದ ಅವರ ಮೇಜಿನ ಮೇಲೆ ಪಂಚಾಂಗ ಇರದ ದಿನವಿಲ್ಲ.

ಹಾಗಾಗಿ ಕೆಟ್ಟ ತಿಂಗಳು ಬರುವ ಮುಂಚೆಯೇ ಬಿಲ್ಲು ಹರಿದುಕೊಡುವ ಪದ್ಧತಿಯನ್ನು ಅಂಗಡಿಗೆ ತಂದವರು ಅವರೇ. ಆಷಾಢದಲ್ಲಿ ಅಂಗಡಿಗೆ ನೊಣವೂ ಬರುವುದಿಲ್ಲ. ಜ್ಯೇಷ್ಠದ ಒಳ್ಳೆಯ ದಿನ ನೋಡಿ ಬಿಲ್ಲು ಮಾಡಿಸಿಕೊಳ್ಳಿ, ಸಾಮಾನು ಯಾವಾಗ ಬಂದರೇನು, ಕೊಂಡದ್ದು ಶುಭದಿನದಲ್ಲಿ ಎಂದಾಯಿತಲ್ಲ ಎಂದು ಗಿರಾಕಿಗಳಿಗೆ ಹೇಳುತ್ತಿದ್ದರು. ಗಿರಾಕಿಗೂ ಸಮಾಧಾನ, ಮುಕುಂದನಿಗೂ ವ್ಯಾಪಾರ. ಯಾರಿಗೂ ಅದರಿಂದ ತೊಂದರೆಯಾಗಿರಲಿಲ್ಲ.

ತೊಂದರೆ ಎದ್ದದ್ದು ಎರಡು ಸಾವಿರದ ಹತ್ತನೇ ಇಸವಿಯ ಜನವರಿಯಲ್ಲಿ, ಮೌನಿಕಾಳ ಕಂಪ್ಯೂಟರಿನ ವಿಷಯದಲ್ಲಿ.

ಮೌನಿಕಾ ಮಾಲೂರಿನ ಹುಡುಗಿ. ಶ್ರೀನಿವಾಸಪುರದ ದಾರಿಯ ಒಂದು ಹಳ್ಳಿಗೆ, ವೆಂಕಟರಮಣಪ್ಪನವರ ಮನೆಗೆ ಸೊಸೆಯಾಗಿ ಬಂದಿದ್ದಳು. ಮದುವೆಯಾದ ಹೊಸದರಲ್ಲೇ ಮಾವನ ಬೆನ್ನು ಹತ್ತಿ, ರೇಷ್ಮೆ ಹುಳು ಸಾಕುತ್ತಿದ್ದ ಮುಂದಿನ ಕೋಣೆಯನ್ನು ಖಾಲಿ ಮಾಡಿಸಿಕೊಂಡಿದ್ದಳು. ಅಲ್ಲಿ ಊರ ಹೆಣ್ಣುಮಕ್ಕಳಿಗೆ ಕಂಪ್ಯೂಟರ್ ಕಲಿಸಬೇಕೆಂಬುದು ಅವಳ ಆಸೆ. ಕೋಲಾರದ ಒಂದು ತರಬೇತಿ ಸಂಸ್ಥೆ ತನ್ನ ಬೋರ್ಡು, ಸರ್ಟಿಫಿಕೇಟು ಕೊಡಲು ಒಪ್ಪಿತ್ತು. ಷರತ್ತು ಒಂದೇ: ಸಂಕ್ರಾಂತಿ ಕಳೆದ ಮೇಲೆ ತಪಾಸಣೆಗೆ ಬರುತ್ತಾರೆ, ಅಷ್ಟರಲ್ಲಿ ಕಂಪ್ಯೂಟರಿಗೆ ಹೊಸ ವಿಂಡೋಸ್, ಅದೂ ಅಸಲಿಯದು, ಬಂದಿರಬೇಕು ಅಥವಾ ಆರ್ಡರ್ ಆಗಿರುವ ದಾಖಲೆಯಾದರೂ ಇರಬೇಕು. ಮಾವನದೂ ಒಂದು ಷರತ್ತಿತ್ತು. ಕೋಲಾರದವರು ಒಪ್ಪಿದರೆ ಕೋಣೆ ಸೊಸೆಯದು. ಇಲ್ಲವಾದರೆ ಹುಳುವಿನ ತಟ್ಟೆಗಳು ವಾಪಸು ಬರುತ್ತವೆ, ಅವಳು ಎಲ್ಲರಂತೆ ಹಿಪ್ಪುನೇರಳೆ ಸೊಪ್ಪು ಕೊಯ್ಯಬೇಕು.

ಹೊಸ ವಿಂಡೋಸಿನ ಡಿಸ್ಕನ್ನು ಬೇರೆಯಾಗಿ ಕೊಳ್ಳುವುದು ಅವರ ಕೈಗೆ ಎಟುಕುವ ಮಾತಲ್ಲ. ಆದರೆ ಕಂಪ್ಯೂಟರ್ ತಯಾರಿಸಿದವರು ಒಂದು ಕೊಡುಗೆ ಸಾರಿದ್ದರು. ಜುಲೈ ತಿಂಗಳಿಂದೀಚೆಗೆ ಕಂಪ್ಯೂಟರ್ ಕೊಂಡವರು ಇಂಟರ್‌ನೆಟ್ಟಿನಲ್ಲಿ ಆರ್ಡರ್ ಮಾಡಿದರೆ ಹೊಸದು ಪುಕ್ಕಟೆ ಮನೆಗೆ ಬರುತ್ತಿತ್ತು. ಶ್ರಾವಣದಲ್ಲಿ ಕಂಪ್ಯೂಟರ್ ಒಯ್ಯಲು ಬಂದ ಮೌನಿಕಾಳಿಗೆ ಜಾನಕಮ್ಮನವರೇ, "ಅದನ್ನ ನಾನು ಮಾಡಿಸಿಕೊಡ್ತೀನಿ, ನೀನು ನಿಶ್ಚಿಂತೆಯಾಗಿ ಹೋಗು" ಎಂದು ಮಾತು ಕೊಟ್ಟಿದ್ದರು.

ಆರ್ಡರ್ ಮಾಡಿಸಲೆಂದು ಅವಳು ಎರಡು ಸಲ ಬಂದಾಗಲೂ ಕರೆಂಟು ಇರಲಿಲ್ಲ. ಮೂರನೆಯ ಸಲ ಬಂದದ್ದು ಕೊನೆಯ ದಿನ. ಸಂಜೆ ಆರಕ್ಕೆ ಕೊಡುಗೆಯ ಬಾಗಿಲು ಮುಚ್ಚುತ್ತಿತ್ತು. ಕಂಪ್ಯೂಟರಿನ ಕ್ಯಾಬಿನೆಟ್ಟಿನ ಮೇಲೆ ಅಂಟಿಸಿದ್ದ ನಂಬರನ್ನು ಅವಳು ಚೀಟಿಯಲ್ಲಿ ಬರೆದು ತಂದಿದ್ದಳು. ಅದನ್ನು ಓದಿ ಹೇಳಿದಳು, ಜಾನಕಮ್ಮನವರ ಬೆರಳು ಓಡಿತು. ಹೆಸರು, ವಿಳಾಸ, ಊರು. ಬಿಲ್ಲಿನ ಜೆರಾಕ್ಸನ್ನು ಮುಂದಿಟ್ಟುಕೊಂಡು ಅದರ ತಾರೀಖನ್ನೂ ಹಾಕಿದರು. ಪರದೆಯ ಮೇಲೆ ಕೆಂಪು ಅಕ್ಷರ ಮೂಡಿತು. ಈ ದಿನಾಂಕದ ಖರೀದಿಗೆ ಕೊಡುಗೆ ಸಲ್ಲುವುದಿಲ್ಲ ಎಂದು.

ತಪ್ಪು ಒತ್ತಿರಬೇಕೆಂದು ಮತ್ತೆ ಹಾಕಿದರು. ಮತ್ತೆ ಕೆಂಪು.

ಮುಕುಂದ್ ಎದ್ದು ಬಂದು ಜೆರಾಕ್ಸ್ ನೋಡಿದ. "ಅತ್ತೆ, ಇದು ಜೂನ್ ಬಿಲ್ಲು. ಆಷಾಢಕ್ಕೆ ಮುಂಚೆ ನೀವೇ ಹರಿದು ಕೊಟ್ಟಿದ್ದು."

ಜಾನಕಮ್ಮನವರು ಜೆರಾಕ್ಸನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಹೌದು. ಹೊಸ ಸೊಸೆ ಮೊದಲ ಆಷಾಢದಲ್ಲಿ ಅತ್ತೆಯ ಮನೆಯಲ್ಲಿ ಇರುವಂತಿಲ್ಲ. ತವರಿಗೆ ಹೊರಡುವ ಮುಂಚೆ ಮೌನಿಕಾ ಮಾವನ ಜೊತೆ ಬಂದು ಬಿಲ್ಲು ಮಾಡಿಸಿಕೊಂಡು ಹೋಗಿದ್ದಳು. ಕಂಪ್ಯೂಟರ್ ಕೈಗೆ ಸಿಕ್ಕಿದ್ದು ಶ್ರಾವಣದಲ್ಲಿ, ಅವಳು ಮಾಲೂರಿನಿಂದ ವಾಪಸು ಬಂದ ಮೇಲೆ. ಜಾನಕಮ್ಮನವರ ತಲೆಯಲ್ಲಿ ಉಳಿದದ್ದು ಆ ಶ್ರಾವಣ ಮಾತ್ರ.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ ಹಾಗಾಯ್ತಲ್ಲೋ" ಎಂದರು. ಧ್ವನಿ ಅವರದಲ್ಲವೆಂಬಂತೆ ಸಣ್ಣಗಿತ್ತು.

"ಅದಕ್ಯಾಕೆ ಅಷ್ಟು ಯೋಚನೆ? ಶ್ರಾವಣದ ತಾರೀಖು ಹಾಕಿ ಇನ್ನೊಂದು ಬಿಲ್ಲು ಬರೆದುಬಿಡಿ. ಯಾರು ನೋಡ್ತಾರೆ?"

"ಆಗಿನ ಬಿಲ್ ಬುಕ್ಕು ಮುಗಿದು ಆಡಿಟರ್ ಹತ್ರ ಹೋಗಿದೆ ಕಣೋ. ನನ್ನ ಕೈಲಿ ಸುಳ್ಳು ತಾರೀಖು ಬರೆಸ್ಬೇಡ. ಇಷ್ಟು ವರ್ಷದಲ್ಲಿ ಒಂದು ಬರೆದಿಲ್ಲ ನಾನು."

ಮೌನಿಕಾ ತಲೆಯೆತ್ತಿದಳು. ಕಣ್ಣು ತುಂಬಿತ್ತು, ಆದರೆ ಮಾತು ನೆಟ್ಟಗೆ ಬಂತು. "ಜೂನ್ ತಾರೀಖು ನಿಜಾನಾ ಮೇಡಂ? ಆವತ್ತು ನನ್ನ ಕಂಪ್ಯೂಟರು ಬೆಂಗಳೂರಿಂದಾನೇ ಬಂದಿರ್ಲಿಲ್ಲ."

ಇಷ್ಟು ವರ್ಷ ಶುಭದಿನ ನೋಡಿ ಹರಿದ ಬಿಲ್ಲುಗಳೆಲ್ಲ ಸುಳ್ಳೇ ಎಂದು ನಿನ್ನೆ ಮೊನ್ನೆ ಕಣ್ಣುಬಿಟ್ಟ ಹುಡುಗಿ ಹೇಳಬೇಕಾಯಿತೇ? ಜಾನಕಮ್ಮನವರಿಗೆ ನಾಚಿಕೆಯಾಯಿತು. ಸಿಟ್ಟೂ ಬಂತು, ಯಾರ ಮೇಲೆಂದು ತಿಳಿಯಲಿಲ್ಲ.

ಉಳಿದ ದಾರಿ ಒಂದೇ. ಹಳೆಯ ಬಿಲ್ಲನ್ನು ರದ್ದು ಮಾಡಿ, ಇವತ್ತಿನ ತಾರೀಖಿಗೆ ಹೊಸದು ಬರೆಯಬೇಕು. ಇವತ್ತಿನ ತಾರೀಖಿಗೆ ಕೊಡುಗೆ ಸಲ್ಲುತ್ತಿತ್ತು. ಆದರೆ ರದ್ದು ಮಾಡಲು ಅಸಲು ಬಿಲ್ಲು ಕೈಯಲ್ಲಿರಬೇಕು, ಅದು ವೆಂಕಟರಮಣಪ್ಪನವರ ದೇವರ ಕೋಣೆಯಲ್ಲಿತ್ತು. ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದು. ಅದು ಧನುರ್ಮಾಸ. ಹೊಸದಾಗಿ ಒಂದು ಪೊರಕೆಯನ್ನೂ ಮನೆಗೆ ತರದ ತಿಂಗಳು.

ಮೌನಿಕಾ ಮನೆಗೆ ಫೋನು ಮಾಡಿದಳು. ಮಾವ ಎಲ್ಲ ಕೇಳಿಸಿಕೊಂಡು, "ನಾನೇ ಬರ್ತೀನಿ" ಎಂದಷ್ಟೇ ಹೇಳಿ ಇಟ್ಟರಂತೆ. ಬಿಲ್ಲು ತರುತ್ತಾರೋ, ಸೊಸೆಯನ್ನು ಕರೆದುಕೊಂಡು ಹೋಗಲು ಬರುತ್ತಾರೋ ಅವಳಿಗೇ ಗೊತ್ತಿರಲಿಲ್ಲ.

ಕಾಯುವ ಕೆಲಸ ಶುರುವಾಯಿತು. ಶ್ರೀನಿವಾಸಪುರದ ಕಡೆಯಿಂದ ಒಂದೊಂದು ಬಸ್ಸು ಬಂದಾಗಲೂ ಮೌನಿಕಾ ಬೀದಿಗೆ ಓಡಿ ನೋಡಿ ಬರುವಳು. ಮುಕುಂದ್ ಯು.ಪಿ.ಎಸ್. ಎಷ್ಟು ಹೊತ್ತು ತಾಳುತ್ತದೆಂದು ಬಗ್ಗಿ ನೋಡುವನು. ಸಾಯಂಕಾಲ ಕರೆಂಟು ತೆಗೆಯುವುದು ಆ ಬೀದಿಯ ನಿತ್ಯವಿಧಿ. ಜಾನಕಮ್ಮನವರು ಬೇರೆ ಗಿರಾಕಿಯ ಕೆಲಸ ಹಿಡಿದು, ಒಂದೇ ಸಾಲನ್ನು ಎರಡು ಸಲ ಟೈಪ್ ಮಾಡಿ ಅಳಿಸಿದರು. ಈ ಹುಡುಗಿಯ ಕೋಣೆಗೆ ಮತ್ತೆ ಹುಳುವಿನ ತಟ್ಟೆ ಬಂದರೆ ಅದು ತನ್ನ ಪಂಚಾಂಗದಿಂದ ಎಂಬ ಯೋಚನೆ ಅವರನ್ನು ಕೂರಲು ಬಿಡಲಿಲ್ಲ.

ಐದು ಹೊಡೆದ ಮೇಲೆ ವೆಂಕಟರಮಣಪ್ಪನವರು ಬಂದರು. ಹೆಗಲ ಮೇಲೆ ಟವಲು, ಕೈಯಲ್ಲಿ ಪ್ಲಾಸ್ಟಿಕ್ ಕವರು. ಕವರಿನೊಳಗೆ ಅಂಚಿಗೆ ಅರಿಶಿನ ಹಚ್ಚಿದ ಬಿಲ್ಲು. ಅವರು ಅದನ್ನು ಮೇಜಿನ ಮೇಲೆ ಇಡಲಿಲ್ಲ. ಕುರ್ಚಿಯಲ್ಲಿ ಕೂತು ತೊಡೆಯ ಮೇಲಿಟ್ಟುಕೊಂಡು ಅದರ ಮೇಲೆ ಅಂಗೈ ಇಟ್ಟರು.

"ಏಮಮ್ಮಾ ಟೀಚರಮ್ಮಾ, ಶೂನ್ಯ ಮಾಸದಲ್ಲಿ ಬಿಲ್ಲು ಬರೀತೀರಂತೆ?" ಊರಿನ ಹಿರಿಯರು ಇನ್ನೂ ಅವರನ್ನು ಟೀಚರಮ್ಮ ಎಂದೇ ಕರೆಯುತ್ತಿದ್ದರು. "ನನ್ನ ತಮ್ಮ ಇದೇ ಮಾಸದಲ್ಲಿ ಟೆಂಪೋ ತಂದ. ಬೇಡ್ರಾ ಅಂದೆ, ಕೇಳಲಿಲ್ಲ. ನರಸಾಪುರದ ಹತ್ರ ಮಗುಚಿಕೊಳ್ತು. ಅವನ ಕಾಲು ಹೋಯ್ತು. ನಮ್ಮನೆಗೆ ಇನ್ನೊಂದು ಬೇಡಮ್ಮಾ."

"ಮಾವ, ಇವತ್ತು ಬಿಟ್ರೆ ಇಲ್ಲ" ಎಂದಳು ಮೌನಿಕಾ.

"ಇಲ್ದಿದ್ರೆ ಇಲ್ಲ ಬಿಡಮ್ಮಾ. ಮನುಷ್ಯರು ನೆಟ್ಟಗಿದ್ರೆ ಸಾಕು." ಅವರ ದನಿಯಲ್ಲಿ ಕೋಪವಿರಲಿಲ್ಲ, ಹೆದರಿಕೆಯಿತ್ತು. ಹೆದರಿದವರನ್ನು ಒಪ್ಪಿಸುವುದು ಕೋಪಗೊಂಡವರನ್ನು ಒಪ್ಪಿಸುವುದಕ್ಕಿಂತ ಕಷ್ಟ. ಅವರು ಜಾನಕಮ್ಮನವರ ಕಡೆ ತಿರುಗಿದರು. "ನಿಮಗೆ ನಾನು ಹೇಳ್ಬೇಕಾ? ಆಷಾಢದಲ್ಲಿ ಸ್ಕೂಲು ತೆರೆದು ನಿಮಗೇನಾಯ್ತು ಅಂತ ಊರಿಗೆಲ್ಲಾ ಗೊತ್ತು. ನೀವೇ ಹೇಳಿ, ನಾನು ಹೇಳೋದು ಸುಳ್ಳಾ?"

ಜಾನಕಮ್ಮನವರು ಒಮ್ಮೆ ತಲೆಯಾಡಿಸಿದ್ದರೆ ಸಾಕಿತ್ತು. ತಪ್ಪು ತಿಂಗಳದ್ದಾಗುತ್ತಿತ್ತು, ಅವರ ಬಿಲ್ಲಿನದಲ್ಲ. ಮುದುಕ ಸಮಾಧಾನದಿಂದ ಬಸ್ಸು ಹತ್ತುತ್ತಿದ್ದ. ಹುಡುಗಿ ನಾಲ್ಕು ದಿನ ಅತ್ತು ಸೊಪ್ಪು ಕೊಯ್ಯುತ್ತಿದ್ದಳು. ಅವರನ್ನು ಯಾರೂ ಒಂದು ಮಾತು ಅನ್ನುತ್ತಿರಲಿಲ್ಲ. ಅವರು ಮೌನಿಕಾಳನ್ನು ನೋಡಿದರು. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿ ಬಿಚ್ಚಿ ಮಾಡುತ್ತಿದ್ದಳು.

"ಆಷಾಢದಿಂದಲ್ಲ" ಎಂದರು ಜಾನಕಮ್ಮ.

ಮುಕುಂದ್ ತಿರುಗಿ ನೋಡಿದ. ಅವನೂ ಈ ಮಾತು ಕೇಳಿರಲಿಲ್ಲ.

"ಹುಡುಗರು ಬಂದು, ಮೇಡಂ ಒಂದು ಕಂಪ್ಯೂಟರ್ ತರಿಸಿ, ನಿಮ್ಮ ಹತ್ರಾನೇ ಕಲೀತೀವಿ ಅಂತ ಕೇಳ್ಕೊಂಡ್ರು ವೆಂಕಟರಮಣಪ್ಪನೋರೆ. ಆ ಪೆಟ್ಟಿಗೆ ನನ್ನ ಹೊಸಿಲು ದಾಟಲ್ಲ ಅಂದೆ ನಾನು. ಜಂಬ ಅಂದ್ಕೊಂಡ್ರು ಅವರು. ಜಂಬ ಅಲ್ಲ, ಭಯ. ಕಲಿಸೋಳು ಹೋಗಿ ಎಲ್ಲಿ ಕಲಿಯೋಳ ಹಾಗೆ ಕೂರ್ಬೇಕಾಗುತ್ತೋ ಅಂತ. ಒಬ್ಬೊಬ್ರೇ ಕೋಲಾರಕ್ಕೆ ಹೋದ್ರು. ಬಾಗಿಲು ಮುಚ್ಚಿಸಿದ್ದು ನಾನು. ನಮ್ಮತ್ತೆ ಆಷಾಢ ಅಂದ್ರು, ನನಗೂ ಅದೇ ಹಿತವಾಯ್ತು, ಹೌದು ಅಂದ್ಬಿಟ್ಟೆ. ಇಷ್ಟು ವರ್ಷ ಅದರ ಮರೆಯಲ್ಲೇ ಬದುಕಿದೀನಿ."

ವೆಂಕಟರಮಣಪ್ಪನವರು ಅಂಗೈ ಕೆಳಗಿನ ಬಿಲ್ಲನ್ನು ನೋಡಿದರು. ಬೀದಿಯಲ್ಲಿ ಯಾರೋ ಸ್ಕೂಟರಿಗೆ ಕಿಕ್ ಹೊಡೆಯುತ್ತಿದ್ದರು, ಅದು ಹತ್ತಿಕೊಳ್ಳುತ್ತಿರಲಿಲ್ಲ.

"ಮತ್ತೆ ನನ್ನ ತಮ್ಮನ ಟೆಂಪೋ?" ಎಂದು ಕೊನೆಗೆ ಕೇಳಿದರು.

"ಅದು ನನಗೆ ಗೊತ್ತಿಲ್ಲಪ್ಪ. ನನ್ನದು ಮಾತ್ರ ಗೊತ್ತು."

ಇನ್ನೊಬ್ಬರಾಗಿದ್ದರೆ ಅದೂ ಮೂಢನಂಬಿಕೆ ಎಂದು ಬುದ್ಧಿ ಹೇಳಲು ಹೋಗಿ ಕೆಡಿಸುತ್ತಿದ್ದರು. ಆ ಉತ್ತರ ವೆಂಕಟರಮಣಪ್ಪನವರಿಗೆ ಹೇಗೆ ನಾಟಿತೋ, ಅಂಗೈ ಎತ್ತಿದರು. ಕವರನ್ನು ಮೇಜಿನ ಮೇಲೆ ತಳ್ಳಿ, "ಬೇಗ ಬರೀರಿ, ನನ್ನ ಮನಸ್ಸು ಬದಲಾಗೋಕೆ ಮುಂಚೆ" ಎಂದರು.

ಜಾನಕಮ್ಮನವರು ಹಳೆಯ ಬಿಲ್ಲಿನ ಮೇಲೆ ಅಡ್ಡಗೀಟು ಎಳೆದು ರದ್ದು ಎಂದು ಬರೆದರು. ಹೊಸದರಲ್ಲಿ ಇವತ್ತಿನ ತಾರೀಖು ಹಾಕಿದರು. ಆರ್ಡರಿನ ಜೊತೆ ಕಳಿಸಲು ಮುಕುಂದ್ ಅದನ್ನು ಸ್ಕ್ಯಾನ್ ಮಾಡಿ ಮುಗಿಸುವಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಂತಿತು, ಯು.ಪಿ.ಎಸ್. ಕೂಗತೊಡಗಿತು, ಪರದೆ ಮಾತ್ರ ಆರಲಿಲ್ಲ. ಮತ್ತೆ ಅದೇ ಹೆಸರು, ವಿಳಾಸ, ಊರು, ಸ್ಟಿಕ್ಕರಿನ ನಂಬರು. ಕೊನೆಗೆ ಆ ತಾರೀಖು. ಈ ಸಲ ಕೆಂಪು ಬರಲಿಲ್ಲ. ಆರ್ಡರ್ ಕಳಿಸುವ ಗುಂಡಿಯೊಂದು ಉಳಿಯಿತು.

ಸಂತೋಷ ತಡೆಯಲಾರದೆ ಮೌನಿಕಾ ಮೌಸಿಗೆ ಕೈ ಚಾಚಿದಳು. ಜಾನಕಮ್ಮನವರು ಆ ಕೈಯನ್ನು ಪಟ್ಟನೆ ತಳ್ಳಿದರು.

"ನೀನು ಮುಟ್ಬೇಡ ಕಣೇ. ಏನಾದ್ರೂ ತಟ್ಟೋದಿದ್ರೆ ನನ್ನ ಬೆರಳಿಗೆ ತಟ್ಲಿ."

ವೆಂಕಟರಮಣಪ್ಪನವರು ಬೆರಗಿನಿಂದ ನೋಡಿದರು. "ಈಗ ತಾನೆ ಅದೇನೂ ಇಲ್ಲ ಅಂದ್ರಲ್ಲಮ್ಮಾ?"

"ನನ್ನ ವಿಷಯಕ್ಕೆ ಅಂದೆ. ಇವಳ ವಿಷಯಕ್ಕೆ ಅಷ್ಟು ಧೈರ್ಯ ನನಗೆಲ್ಲಿಂದ ಬರ್ಬೇಕು?" ಎಂದು ಹೇಳಿ ಜಾನಕಮ್ಮನವರು ಕಣ್ಣು ಮುಚ್ಚಿಕೊಂಡು ಗುಂಡಿ ಒತ್ತಿದರು.

ಯು.ಪಿ.ಎಸ್. ಕೂಗುತ್ತಲೇ ಇತ್ತು. ಮೌನಿಕಾ ಅವರ ತೋಳು ಹಿಡಿದುಕೊಂಡಳು. "ಕಣ್ಣು ಬಿಡಿ ಮೇಡಂ. ಆರ್ಡರ್ ಹೋಯ್ತು."