ಎರಡನೆಯ ದೀಪ ನೋಡುವ ಮೊದಲೇ

ತಂಗಿಗೆ ಫೋನ್ ಮಾಡಬಾರದಿತ್ತು. ಈ ಮಾತನ್ನು ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೋ ಲೆಕ್ಕವಿಲ್ಲ. ಆದರೂ ಆ ಮಧ್ಯಾಹ್ನ ಧಾರವಾಡದ ಪ್ರಯೋಗಾಲಯದಲ್ಲಿ, ಕಪ್ಪು ಪೆಟ್ಟಿಗೆಗೆ ಜೋಡಿಸಿದ ಪರದೆಯ ಮುಂದೆ ಕುಳಿತಿದ್ದಾಗ ನನ್ನ ಕೈ ನನ್ನ ಮಾತು ಕೇಳಲಿಲ್ಲ. ಅಷ್ಟು ಓದಿದವಳು ನಾನು. ಓದಿದವರ ದಡ್ಡತನಕ್ಕೆ ಮದ್ದಿಲ್ಲ.

ತಂಗಿಯ ಮಗಳಿಗೆ ಆಗ ಹತ್ತು ತುಂಬಿತ್ತು. ಏಳನೆಯ ವಯಸ್ಸಿಗೆ ಶಾಲೆಯ ಮೆಟ್ಟಿಲು ಹತ್ತಲು ಗೋಡೆ ಹಿಡಿಯತೊಡಗಿದ ಹುಡುಗಿ, ನೆಲದಿಂದ ಏಳಬೇಕಾದರೆ ತನ್ನ ತೊಡೆಯ ಮೇಲೆ ತಾನೇ ಕೈಯೂರಿ ಮೇಲೇರುವಷ್ಟಾಗಿದ್ದಳು. ಸ್ನಾಯು ಸವೆಯುವ ಕಾಯಿಲೆ. ತಂದೆ ತಾಯಿ ಇಬ್ಬರಿಂದಲೂ ಅದೇ ತಪ್ಪು ಬಂದು ಸೇರಿದರೆ ಮಾತ್ರ ಕಾಣಿಸಿಕೊಳ್ಳುವಂಥದ್ದು. ನನ್ನ ತಂಗಿಯ ಗಂಡ ನಮ್ಮ ಸ್ವಂತ ಸೋದರಮಾವ, ಅವ್ವನ ತಮ್ಮ. ಚಚಡಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ, ಒಳ್ಳೆಯವನು. ಆ ಸಂಬಂಧ ಮೊದಲು ಬಂದದ್ದು ಹಿರಿಯವಳಾದ ನನಗೆ. ಪಿಯುಸಿಯ ಜೀವಶಾಸ್ತ್ರ ಪುಸ್ತಕದಲ್ಲಿ ರಕ್ತಸಂಬಂಧದ ಮದುವೆಯ ಬಗ್ಗೆ ಅರ್ಧ ಪುಟ ಇತ್ತು. ಅದನ್ನು ಓದಿ ಹೆದರಿದೆ. ಬೈಲಹೊಂಗಲದ ನಮ್ಮ ಮನೆಯಲ್ಲಿ ಹೇಳಿದ್ದು ಮಾತ್ರ, "ನಾ ಇನ್ನೂ ಕಲೀಬೇಕ್ರಿ" ಎಂದು. ಎರಡು ವರ್ಷದ ಮೇಲೆ ತಂಗಿಯನ್ನು ಕೊಟ್ಟರು. ಆಗಲೂ ಆ ಅರ್ಧ ಪುಟದ ಸುದ್ದಿ ನನ್ನ ಬಾಯಿಂದ ಹೊರಬರಲಿಲ್ಲ.

ಹಾಗಾಗಿ ನನ್ನ ಕೆಲಸವನ್ನು ಸಂಶೋಧನೆ ಎಂದು ಹೊಗಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅದು ಬರೀ ಪ್ರಾಯಶ್ಚಿತ್ತ. ಹುಡುಗಿಯ ವಂಶವಾಹಿಯಲ್ಲಿ ಒಂದು ಕಡೆ, ವಾಕ್ಯ ಮುಗಿಯುವ ಮೊದಲೇ ಪೂರ್ಣವಿರಾಮ ಬಿದ್ದಿದೆ. ಜೀವಕೋಶ ಅಲ್ಲಿಗೇ ಓದು ನಿಲ್ಲಿಸಿಬಿಡುತ್ತದೆ. ಆ ತಪ್ಪು ಭಾಗದ ನಂತರ ನಾವು ಮಿಂಚುಹುಳದ ಬೆಳಕಿನ ಕಿಣ್ವದ ಬರಹವನ್ನು ಅಂಟಿಸಿ ಬದುಕಿರುವ ಕೋಶಗಳೊಳಗೆ ಸೇರಿಸುತ್ತೇವೆ. ಯಾವುದಾದರೂ ಔಷಧ ಕೋಶವನ್ನು ಆ ತಪ್ಪು ದಾಟಿ ಓದುವಂತೆ ಮಾಡಿದರೆ, ಬೆಳಕಿನ ಕಿಣ್ವ ತಯಾರಾಗಿ ಕೋಶ ಹೊಳೆಯುತ್ತದೆ. ಬರಿಗಣ್ಣಿಗೆ ಕಾಣದಷ್ಟು ಮಂದ. ಪೆಟ್ಟಿಗೆಯೊಳಗಿನ ಕ್ಯಾಮೆರಾ ಕಂಡು ಹೇಳಬೇಕು.

ಮೂರು ವರ್ಷ ಪರದೆ ಕಪ್ಪಾಗಿಯೇ ಇತ್ತು. ಆ ಮಧ್ಯಾಹ್ನ ಒಂದು ಔಷಧ ಹಾಕಿದ ಕೋಶಗಳೆಲ್ಲ ಬೆಳಗಿದವು. ನಾನು ಅತ್ತುಬಿಟ್ಟೆ. ನಮ್ಮ ಮಾರ್ಗದರ್ಶಕರು ಹೊಸಬರಿಗೆಲ್ಲ ಮೊದಲ ದಿನವೇ ಹೇಳುವ ಮಾತೊಂದಿತ್ತು: "ಎರಡೂ ದೀಪಾ ನೋಡೂತನಾ ಬಾಯಿ ಬಿಡಬ್ಯಾಡ್ರಿ." ಮಿಂಚುಹುಳದ್ದು ಒಂದು ದೀಪ, ಸಮುದ್ರಜೀವಿಯೊಂದರಿಂದ ತೆಗೆದದ್ದು ಇನ್ನೊಂದು. ಎರಡರಲ್ಲೂ ಬೆಳಕು ಬಂದರೆ ಮಾತ್ರ ನಂಬಬೇಕು. ಎರಡನೆಯದನ್ನು ಕಟ್ಟಿ ಮುಗಿಸಲು ತಿಂಗಳುಗಟ್ಟಲೆ ಬೇಕಿತ್ತು. ನನಗೆ ತಾಳ್ಮೆ ಇರಲಿಲ್ಲ, ಅಲ್ಲಿಂದಲೇ ತಂಗಿಗೆ ಫೋನ್ ಮಾಡಿದೆ.

"ಬೆಳಕ ಬಂತೇನಕ್ಕಾ?" ಎಂದು ತಂಗಿ ಎರಡು ಸಲ ಕೇಳಿದಳು.

"ಬಂತು."

"ಹಂಗಾರ ಇಕಿ ಅಡ್ಡಾಡ್ತಾಳ."

"ಇನ್ನೂ ಭಾಳ ಕೆಲಸ ಐತಿ" ಎಂದೆ. ಅದು ಅವಳ ಕಿವಿಗೆ ಬಿದ್ದಿರಲಾರದು. ನಾನೂ ಬೀಳುವಂತೆ ಹೇಳಲಿಲ್ಲ.

ಐದು ತಿಂಗಳ ಮೇಲೆ ಅವಳದೇ ಫೋನ್ ಬಂತು. ಮೂರು ತಿಂಗಳ ಬಸುರಿ. ನಾಲ್ಕರಲ್ಲಿ ಒಂದು ಪಾಲು ಈ ಮಗುವಿಗೂ ಅದೇ ಕಾಯಿಲೆ ಬರಬಹುದು ಎಂದು ಡಾಕ್ಟರು ಅವಳಿಗೆ ಹಿಂದೆಯೇ ತಿಳಿಸಿದ್ದರು. ಆ ಭಯಕ್ಕೇ ಅವಳು ಇಷ್ಟು ವರ್ಷ ಇನ್ನೊಂದು ಮಗು ಬೇಡವೆಂದಿದ್ದಳು. ಹೊಟ್ಟೆಯಲ್ಲಿರುವಾಗಲೇ ಪರೀಕ್ಷೆ ಮಾಡಿಸಬಹುದು ಎಂದೆ. "ಯಾಕಕ್ಕಾ, ನಿನ್ನ ಔಷಧಾ ಬರ್ತೈತಲ್ಲ" ಎಂದಳು. ಒತ್ತಾಯ ಮಾಡಬೇಕಿತ್ತು. ನನ್ನ ಬೆಳಕನ್ನು ನಾನೇ ಅನುಮಾನಿಸಿದಂತಾದೀತೆಂದು ಸುಮ್ಮನಾದೆ.

ಅವಳ ಏಳನೆಯ ತಿಂಗಳಲ್ಲಿ ಎರಡನೆಯ ದೀಪ ಸಿದ್ಧವಾಯಿತು. ಅದೇ ಔಷಧ, ಅದೇ ತಪ್ಪು, ಅದೇ ಕೋಶ. ಪರದೆ ಕಪ್ಪು. ಮತ್ತೆ ಮಾಡಿದೆ, ಕಪ್ಪು. ಮೂರನೆಯ ಸಲ ಮಾರ್ಗದರ್ಶಕರು ಪಕ್ಕದಲ್ಲೇ ನಿಂತು ನೋಡಿದರು. ಅವರೇನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಗಿದ್ದು ಇಷ್ಟು. ಕೋಶಗಳು ತಪ್ಪನ್ನು ದಾಟಿಯೇ ಇರಲಿಲ್ಲ. ಔಷಧವಿಲ್ಲದೆಯೂ ಈ ಕೋಶಗಳಲ್ಲಿ ಆಕಸ್ಮಿಕವಾಗಿ ಒಂದಿಷ್ಟು ಬೆಳಕಿನ ಕಿಣ್ವ ಹುಟ್ಟುತ್ತಿರುತ್ತದೆ, ಕೋಶ ಅದನ್ನು ಬೇಗನೇ ಒಡೆದುಹಾಕುತ್ತದೆ. ನನ್ನ ಔಷಧ ಮಿಂಚುಹುಳದ ಕಿಣ್ವವನ್ನೇ ಅಪ್ಪಿಕೊಂಡು, ಒಡೆಯದಂತೆ ಕಾಪಾಡಿತ್ತು. ಹಾಗೆ ಒಡೆಯದೆ ಉಳಿದದ್ದೇ ಕೂಡುತ್ತ ಹೋಗಿ ಬೆಳಗಿತ್ತು. ಔಷಧ ಕಾಪಾಡಿದ್ದು ನನ್ನ ದೀಪವನ್ನು, ಹುಡುಗಿಯನ್ನಲ್ಲ.

ಅದೇ ವಾರ ಕುಬಸ ಇತ್ತು. ಬಸುರಿಗೆ ತವರಿನವರು ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಸಿಹಿ ಉಣಿಸಬೇಕು. ಅವ್ವ ಮೊದಲೇ ಹೋಗಿದ್ದಳು. ನಾನು ಕಿತ್ತೂರಿನಲ್ಲಿ ಬಸ್ಸು ಬದಲಿಸಿ, ಬೈಲಹೊಂಗಲದಲ್ಲಿ ಅಂಗಡಿಯವನು ಎತ್ತಿಟ್ಟಿದ್ದ ಸೀರೆ ತಗೊಂಡು ಚಚಡಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಒಂದೇ ಯೋಚನೆ: ಇವತ್ತು ಹೇಳಲೋ, ಹಡೆದ ಮೇಲೆ ಹೇಳಲೋ. ಇಳಿದು ಓಡಿಹೋಗಬೇಕು ಅನ್ನಿಸಿತು. ಒಮ್ಮೆ ಸುಮ್ಮನಿದ್ದು ಅವಳನ್ನು ಹಾಳು ಮಾಡಿದ್ದೆ, ಇನ್ನೊಮ್ಮೆ ಮಾತಾಡಿ.

ಮನೆಯಲ್ಲಿ ಓಣಿಯ ಹೆಂಗಸರೆಲ್ಲ ನೆರೆದಿದ್ದರು. ಮಾಮಾ ನನ್ನನ್ನು ಕಂಡೊಡನೆ, "ನಮ್ಮ ವಿಜ್ಞಾನಿ ಬಂದ್ರು, ಕುಂಡ್ರಾಕ ಜಾಗಾ ಮಾಡ್ರಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ತಂಗಿಯನ್ನು ಸೀರೆ ಉಡಿಸುವ ನೆಪದಲ್ಲಿ ಒಳಕೋಣೆಗೆ ಕರೆದುಕೊಂಡು ಹೋದೆ. ನೆರಿಗೆ ಹಿಡಿಯುತ್ತ, ಅವಳ ಮುಖ ನೋಡದೆ ಹೇಳಿಬಿಟ್ಟೆ.

"ಆ ಬೆಳಕು ಖರೇ ಅಲ್ಲಂತ. ಔಷಧಾ ಕೆಲಸಾ ಮಾಡೂದಿಲ್ಲ. ನಾ ಅವಸರ ಮಾಡಿದೆ."

ನಾನು ಬೈಗುಳಕ್ಕೆ ಕಾಯುತ್ತಿದ್ದೆ. ಹೊರಗೆ ಬಳೆಗಾರ ಬಂದನೆಂದು ಯಾರೋ ಕೂಗಿ ಕರೆದರು. ಹುಡುಗಿ ಗೋಡೆ ಹಿಡಿದುಕೊಂಡು ಬಾಗಿಲ ತನಕ ಬಂದು, "ಯವ್ವಾ, ಎಲ್ಲಾರೂ ಕಾಯಾಕತ್ತಾರ" ಎಂದಳು.

"ಬಂದೆ, ನೀ ನಡಿ" ಎಂದಳು ತಂಗಿ. ಮಗಳು ಒಂದೊಂದೇ ಹೆಜ್ಜೆ ಇಟ್ಟು ತಿರುಗಿ ಹೋಗುವುದನ್ನು ನೋಡುತ್ತ ನಿಂತಳು. ಆಮೇಲೆ ನೆರಿಗೆಯಿಂದ ನನ್ನ ಕೈ ಬಿಡಿಸಿ ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು.

"ಒದೀತೈತಿ ನೋಡಕ್ಕಾ. ಕಾಲಾಗ ಎಷ್ಟ ಜೋರ ಐತಿ."

ಹೌದು, ಇತ್ತು. ನನ್ನ ಅಂಗೈ ಅದುರುವಷ್ಟು.

"ಇಕಿನೂ ಹಿಂಗ ಒದೀತಿದ್ಲು" ಎಂದಳು.